ಆಪಲ್‌ಬೀ ಮೇಡಂ ಓಡಾಡಿದ ದಾರಿಯಲ್ಲಿ ಆರು ದಿನ

36.5 ಇಂಚಿನ ಹಾಕಿ ಸ್ಟಿಕ್ ಯಾವ ಸೂಟ್‌ಕೇಸಿನಲ್ಲೂ ಹಿಡಿಸುವುದಿಲ್ಲ. ಉದ್ದಕ್ಕೆ ಇಟ್ಟು ನೋಡಿದೆ, ಮೂಲೆಯಿಂದ ಮೂಲೆಗೆ ಇಟ್ಟು ನೋಡಿದೆ, ಕೊನೆಗೆ ಸೂಟ್‌ಕೇಸ್ ಮೇಲೆ ಕೂತೂ ನೋಡಿದೆ. ಆಗಲಿಲ್ಲ. ವಿಮಾನ ನಿಲ್ದಾಣಕ್ಕೆ ಕೈಯಲ್ಲೇ ಹಿಡಿದುಕೊಂಡು ಹೋದರೆ ಕೌಂಟರಿನ ಹುಡುಗ "ಆಂಟಿ, ಇದನ್ನ ಒಳಗೆ ಬಿಡಲ್ಲ" ಅಂದ. ಪ್ಲಾಸ್ಟಿಕ್ ಸುತ್ತಿಸಿ, ಬೇರೆ ಲಗೇಜು ಅಂತ ದುಡ್ಡು ಕಟ್ಟಿದ್ದಾಯಿತು. 1978ರಲ್ಲಿ ಮೈಸೂರಿನಲ್ಲಿ ಆ ಸ್ಟಿಕ್ ಕೊಳ್ಳಲು ಕೊಟ್ಟ ದುಡ್ಡಿನಲ್ಲಿ ಈ ಪ್ಲಾಸ್ಟಿಕ್ಕೂ ಬರುತ್ತಿರಲಿಲ್ಲ.

ಬಾಸ್ಟನ್‌ನಲ್ಲಿ ಇಳಿದಾಗ ಪಾಸ್‌ಪೋರ್ಟ್ ನೋಡುವವರು ಎಷ್ಟು ದಿನ, ಯಾರ ಮನೆ, ಏನು ಕೆಲಸ ಅಂತೆಲ್ಲ ಕೇಳಿದರು. ರಿಟೈರ್ ಆದ ಪಿ.ಟಿ. ಟೀಚರ್, ಹಾಕಿ ಕಲಿಸುತ್ತಿದ್ದೆ ಅಂದೆ. "ಇಂಡಿಯಾದಲ್ಲಿ ಅಷ್ಟು ಮಂಜುಗಡ್ಡೆ ಇದೆಯಾ?" ಅಂದರು. ಈ ದೇಶದಲ್ಲಿ ಹಾಕಿ ಅಂದರೆ ಐಸ್ ಮೇಲೆ ಆಡುವುದು. ನಮ್ಮದು "ಫೀಲ್ಡ್ ಹಾಕಿ". ಅದನ್ನು ಆಡುವುದು ಹೆಚ್ಚಾಗಿ ಹುಡುಗಿಯರೇ.

ಈ ಪ್ರವಾಸಕ್ಕೆ ಕಾರಣವೂ ಅದೇ. ಎಂಟನೇ ಕ್ಲಾಸಿನ ನನ್ನ ಮೊಮ್ಮಗಳು ಸ್ಕೂಲ್ ಟೀಮಿಗೆ ಸೇರಿದ ವರ್ಷ ಫೋನಿನಲ್ಲಿ ಕೇಳಿದ್ದಳು: "ಅಜ್ಜಿ, ನಿಮ್ಮೂರಲ್ಲಿ ಹುಡುಗರೂ ಆಡ್ತಾರಾ? ಇಲ್ಲಿ ಯಾಕೆ ಆಡಲ್ಲ?" ನಾನು ಕೆಲಸ ಮಾಡಿದ್ದು ಕೊಡಗಿನ ಒಂದು ಹೈಸ್ಕೂಲಿನಲ್ಲಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬ ಹಾಕಿ ನೋಡಿದವರಿಗೆ ಇದು ವಿಚಿತ್ರ ಪ್ರಶ್ನೆ. ಅಲ್ಲಿ ಅಜ್ಜ, ಸೊಸೆ, ಮೊಮ್ಮಗ ಎಲ್ಲ ಒಂದೇ ಟೀಮು. ಉತ್ತರ ಹುಡುಕುತ್ತಾ ಹೋದಾಗ ಸಿಕ್ಕ ಹೆಸರು ಕಾನ್‌ಸ್ಟನ್ಸ್ ಆಪಲ್‌ಬೀ, ಇಂಗ್ಲೆಂಡಿನಿಂದ ಬಂದು ಇಲ್ಲಿನ ಹುಡುಗಿಯರಿಗೆ ಹಾಕಿ ಕಲಿಸಿದ ಟೀಚರ್. ಅವರು ಓಡಾಡಿದ ದಾರಿ ಮಗಳ ಮನೆಯಿಂದ ಏನೂ ದೂರವಿರಲಿಲ್ಲ.

ಮೊದಲ ದಿನ, ಗುರುವಾರ

ಮಗಳ ಮನೆ ಫ್ರೇಮಿಂಗ್‌ಹ್ಯಾಮ್‌ನಲ್ಲಿ. ರೈಲಿನಲ್ಲಿ ಸೌತ್ ಸ್ಟೇಷನ್, ಅಲ್ಲಿಂದ ರೆಡ್ ಲೈನ್ ಮೆಟ್ರೋದಲ್ಲಿ ಹಾರ್ವರ್ಡ್. ಚೀಟಿಯಲ್ಲಿ ಬರೆದುಕೊಟ್ಟಿದ್ದಳು. ಆದರೂ ಉಲ್ಟಾ ದಿಕ್ಕಿನ ರೈಲು ಹತ್ತಿ, ಎರಡು ಸ್ಟೇಷನ್ ಆದಮೇಲೆ ಗೊತ್ತಾಗಿ ಇಳಿದೆ. ಯಾರಿಗೂ ಹೇಳಿಲ್ಲ, ಇಲ್ಲೇ ಮೊದಲು ಬರೆಯುತ್ತಿರುವುದು.

ಹಾರ್ವರ್ಡ್ ಅಂಗಳದಲ್ಲಿ ಪ್ರವಾಸಿಗಳು ಜಾನ್ ಹಾರ್ವರ್ಡ್ ಪ್ರತಿಮೆಯ ಬೂಟು ಸವರಲು ಸಾಲು ನಿಂತಿದ್ದರು. ನಮ್ಮ ದೇವಸ್ಥಾನದ ನಂದಿಯ ಹಾಗೆ ಬೂಟಿನ ತುದಿ ಮಾತ್ರ ಪಳಪಳ ಹೊಳೆಯುತ್ತಿತ್ತು. ನಾನು ದಾಟಿಕೊಂಡು ಉತ್ತರದ ಕಡೆಗೆ ಹೋದೆ. ಅಲ್ಲೊಂದು ಹಳೇ ಜಿಮ್ನೇಸಿಯಂ ಇತ್ತು, ಹೆಮೆನ್ವೇ ಅಂತ. 1930ರ ದಶಕದ ಕೊನೆಗೆ ಅದನ್ನು ಕೆಡವಿದರು. ಅದೇ ಹೆಸರಿನ ಹೊಸ ಕಟ್ಟಡ ಹತ್ತಿರದಲ್ಲೇ ಇದೆ. ಹಳೆಯದರ ಹಿಂದಿನ ಅಂಗಳ ನನಗೆ ಬೇಕಾಗಿತ್ತು. ಅದು ಇಲ್ಲ.

1901ರ ಬೇಸಿಗೆಯಲ್ಲಿ ಆ ಅಂಗಳದಲ್ಲಿ ನಡೆದದ್ದು ಇಷ್ಟು. ಗಂಡಸರಿಗಷ್ಟೇ ಇದ್ದ ಹಾರ್ವರ್ಡ್, ಬೇಸಿಗೆ ಶಿಬಿರದಲ್ಲಿ ವ್ಯಾಯಾಮ ಕಲಿಸುವ ಹೆಂಗಸರನ್ನೂ ಸೇರಿಸಿಕೊಳ್ಳುತ್ತಿತ್ತು. ಡಾಕ್ಟರ್ ಡಡ್ಲಿ ಸಾರ್ಜೆಂಟ್ ಅನ್ನುವವರು ಅದನ್ನು ನಡೆಸುತ್ತಿದ್ದರು. ಮೈಯ ಅಳತೆ ತೆಗೆಯುವ ವಿದ್ಯೆ ಕಲಿಯಲು ಇಂಗ್ಲೆಂಡಿನಿಂದ ಬಂದಿದ್ದರು ಈ ಆಪಲ್‌ಬೀ. ಆಗ 28 ವರ್ಷ. ಚಿಕ್ಕಂದಿನಲ್ಲಿ ಕಾಯಿಲೆಯ ಮಗು. ಒಂದು ದಿನ ತರಗತಿಯಲ್ಲಿ ಹುಡುಗಿಯರ ವ್ಯಾಯಾಮದ ಮಾತು ಬಂತು. ಕುರ್ಚಿ ಆಟ, ಕರವಸ್ತ್ರ ಬೀಳಿಸುವ ಆಟ ಇಂಥವೆಲ್ಲ ಬಂದವು. ಅದೆಲ್ಲ ನಾವು ಪಾರ್ಟಿಗಳಲ್ಲಿ ಆಡುತ್ತೇವೆ, ವ್ಯಾಯಾಮಕ್ಕೆ ಹಾಕಿ ಆಡುತ್ತೇವೆ ಅಂದರಂತೆ ಆಪಲ್‌ಬೀ. ಹಾಗಾದರೆ ತೋರಿಸಿ ಅಂದರು. ಐಸ್ ಹಾಕಿಯ ಸ್ಟಿಕ್ಕುಗಳನ್ನು ತಂದು, ಕೈಗೆ ಸಿಕ್ಕಿದ ಒಂದು ಚೆಂಡಿಟ್ಟುಕೊಂಡು ತೋರಿಸಿದರು.

ಇಲ್ಲಿ ನನಗೆ ನಗು ಬರುತ್ತದೆ. ಐಸ್ ಹಾಕಿ ಸ್ಟಿಕ್ಕಿನಲ್ಲಿ ಎರಡೂ ಕಡೆಯಿಂದ ಹೊಡೆಯಬಹುದು. ನಮ್ಮ ಸ್ಟಿಕ್ಕಿನ ಎಡಗಡೆ ಮಾತ್ರ ಚಪ್ಪಟೆ, ಬಲಗಡೆ ಉಬ್ಬು. ಆ ಉಬ್ಬು ಕಡೆಯಿಂದ ಚೆಂಡು ಮುಟ್ಟಿದರೆ ಫೌಲ್. ಎಡಗೈ ಬಳಸುವವರಿಗೆ ಅಂತ ಬೇರೆ ಸ್ಟಿಕ್ಕೂ ಇಲ್ಲ. ಜೂನ್ ತಿಂಗಳಲ್ಲಿ ಹೊಸ ಹುಡುಗಿಯರು ಬಂದರೆ ಒಂದು ತಿಂಗಳು ಇದೇ ಕೂಗು: "ಉಲ್ಟಾ ಹೊಡೀಬೇಡ! ಮಣಿಕಟ್ಟು ತಿರುಗಿಸು!" ತಪ್ಪು ಸ್ಟಿಕ್ ಕೊಟ್ಟು ಸರಿಯಾದ ಆಟ ಕಲಿಸಿದ ಆ ಮೇಡಂಗೆ ನಾನು ಅಲ್ಲೇ ನಿಂತು ಕೈ ಮುಗಿದೆ. ಪಕ್ಕದಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದ ಹುಡುಗ ಸ್ವಲ್ಪ ಸರಿದು ಕೂತ.

ನೋಡುತ್ತಿದ್ದವರಲ್ಲಿ ವ್ಯಾಸರ್ ಕಾಲೇಜಿನ ವ್ಯಾಯಾಮ ವಿಭಾಗದ ಹ್ಯಾರಿಯೆಟ್ ಬ್ಯಾಲಂಟೈನ್ ಇದ್ದರು. ನಮ್ಮ ಕಾಲೇಜಿಗೆ ಬಂದು ಕಲಿಸಿ ಅಂತ ಅವರೇ ಕರೆದರು. ವ್ಯಾಸರ್ ಆದಮೇಲೆ ಸ್ಮಿತ್, ವೆಲ್ಸ್ಲಿ, ಮೌಂಟ್ ಹೋಲಿಯೋಕ್, ರಾಡ್‌ಕ್ಲಿಫ್, ಬ್ರಿನ್ ಮಾರ್. ಆಗ ಎಲ್ಲವೂ ಹೆಂಗಸರ ಕಾಲೇಜು. ಆ ಕಾಲೇಜುಗಳಲ್ಲಿ ಕಲಿತ ಹುಡುಗಿಯರು ಊರೂರಿನ ಹೆಣ್ಣುಮಕ್ಕಳ ಶಾಲೆಗಳಿಗೆ ಟೀಚರ್ ಆಗಿ ಹೋದರು. ಹುಡುಗರಿಗೆ ಅಷ್ಟರಲ್ಲಾಗಲೇ ಫುಟ್‌ಬಾಲ್, ಬೇಸ್‌ಬಾಲ್ ಇತ್ತು. ಮೊಮ್ಮಗಳ ಪ್ರಶ್ನೆಗೆ ಉತ್ತರ ಇಷ್ಟೇ. ಆಟ ಕಲಿಸಲು ಬಂದವರು ಹೆಂಗಸು, ಕರೆದವರು ಹೆಂಗಸರು.

ಗಂಡಸರು ಆಮೇಲೆ ಶುರು ಮಾಡಿದರು, ಪಾಪ. 1932ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮವರ ಕೈಯಲ್ಲಿ 24–1ರಲ್ಲಿ ಸೋತರು. ಆ ಸಲ ಇದ್ದದ್ದೇ ಮೂರು ಟೀಮು, ಹಾಗಾಗಿ ಕಂಚೂ ಸಿಕ್ಕಿತು.

ಎರಡನೇ ದಿನ, ಶುಕ್ರವಾರ

ಬೆಳಿಗ್ಗೆಯಿಂದ ಜಡಿಮಳೆ. ಅಳಿಯ ಆಫೀಸಿಗೆ ಹೋಗುವ ದಾರಿಯಲ್ಲಿ ವೆಲ್ಸ್ಲಿಯಲ್ಲಿ ಇಳಿಸಿದರು. ವೇಬನ್ ಕೆರೆಯ ಸುತ್ತ ಎಲೆಗಳು ಕೆಂಪಾಗಿದ್ದವು. ಆದರೆ ನನ್ನ ಚಪ್ಪಲಿ ಹತ್ತೇ ನಿಮಿಷದಲ್ಲಿ ಕಿತ್ತಿತು. ಮಗಳ ಊರಿನಲ್ಲಿ ಚಪ್ಪಲಿ ಹೊಲಿಯುವವರು ಯಾರೂ ಕಾಣಲಿಲ್ಲ, ಹೊಸ ಬೂಟು ಕೊಳ್ಳುವುದರಲ್ಲೇ ದಿನ ಮುಗಿಯಿತು. ಸಂಜೆ ಮೊಮ್ಮಗಳಿಗೆ ಸ್ಟಿಕ್ ಕೊಟ್ಟೆ.

ಅವಳ ಸ್ಟಿಕ್ ಕಾರ್ಬನ್ನಿನದು, ಕಡ್ಡಿ ಹಿಡಿದ ಹಾಗೆ ಹಗುರ. ನನ್ನದು ಮರ. ಹಿಡಿ ಬೆತ್ತದ್ದು, ಕೆಳಗಿನ ಬಾಗು ಹಿಪ್ಪುನೇರಳೆ ಮರದ್ದು. ರಾಮನಗರದ ಕಡೆ ರೇಷ್ಮೆಹುಳಕ್ಕೆ ಹಾಕುವ ಸೊಪ್ಪು ಗೊತ್ತಲ್ಲ, ಅದೇ ಜಾತಿ. ನಾರು ಬಿಗಿ, ಬಗ್ಗಿಸಿದರೆ ಬಗ್ಗುತ್ತದೆ, ಬೇಗ ಸೀಳುವುದಿಲ್ಲ. ಹಳೇ ಇಂಗ್ಲಿಷ್ ಸ್ಟಿಕ್ಕುಗಳ ಬಾಗು ಉದ್ದಕ್ಕೆ ಇರುತ್ತಿತ್ತು. ನಮ್ಮವರು ಅದನ್ನು ಮೊಟಕು ಮಾಡಿ ಚೆಂಡನ್ನು ಈ ಕಡೆ ಆ ಕಡೆ ಆಡಿಸಲು ಸುಲಭ ಮಾಡಿದರು. ಅವಳು ಮೂಸಿ ನೋಡಿದಳು. "ಅಜ್ಜಿ, ಇದು ಎಣ್ಣೆ ವಾಸನೆ." ಹೌದು, ಪ್ರತಿ ಬೇಸಿಗೆ ರಜೆಯಲ್ಲಿ ಅಗಸೆ ಎಣ್ಣೆ ಹಚ್ಚಿ ಬಿಸಿಲಿಗೆ ಇಡುತ್ತಿದ್ದೆ. ಹಿಡಿತ ಹೇಳಿಕೊಟ್ಟೆ: ಎಡಗೈ ಮೇಲೆ, ಬಲಗೈ ಮಧ್ಯಕ್ಕೆ, ಬೆನ್ನು ನೆಟ್ಟಗೆ.

ಮೂರನೇ ದಿನ, ಶನಿವಾರ

ಸೋಮವಾರವೂ ರಜೆ ಇದ್ದ ವಾರಾಂತ್ಯ. ಎಲ್ಲರೂ ಕಾರಿನಲ್ಲಿ ಹೊರಟೆವು. ಚಿತ್ರಾನ್ನ, ಮೊಸರನ್ನ, ಒಂದು ಡಬ್ಬಿ ಕೋಡುಬಳೆ. ಮೊದಲು ಸ್ಪ್ರಿಂಗ್‌ಫೀಲ್ಡ್, ಬಾಸ್ಕೆಟ್‌ಬಾಲ್ ಹುಟ್ಟಿದ ಊರು. ಕನೆಕ್ಟಿಕಟ್ ನದಿಯ ಪಕ್ಕ ದೊಡ್ಡ ಚೆಂಡಿನಂಥ ಗುಮ್ಮಟ, ಅದೇ ಹಾಲ್ ಆಫ್ ಫೇಮ್, ಆ ಆಟದ ದೊಡ್ಡವರನ್ನು ಸೇರಿಸಿ ಗೌರವಿಸುವ ಜಾಗ. ಒಳಗೆ ಗುಮ್ಮಟದ ಸುತ್ತ ದೊಡ್ಡವರ ಚಿತ್ರಗಳು, ನಡುವೆ ಯಾರು ಬೇಕಾದರೂ ಚೆಂಡು ಎಸೆಯಬಹುದಾದ ಅಂಕಣ. ಅಳಿಯ, ಮೊಮ್ಮಗಳು ಅಲ್ಲೇ ಉಳಿದರು. ಬಿಟ್ಟರೆ ಸಾಯಂಕಾಲದವರೆಗೂ ಇರುತ್ತಿದ್ದರು.

1891ರ ಡಿಸೆಂಬರಿನಲ್ಲಿ ಜೇಮ್ಸ್ ನೈಸ್ಮಿತ್ ಇಲ್ಲಿ ಪೀಚ್ ಹಣ್ಣಿನ ಬುಟ್ಟಿ ತೂಗುಹಾಕಿದ ಕಥೆ ಎಲ್ಲರಿಗೂ ಗೊತ್ತು. ಇಲ್ಲಿಂದ ಸುಮಾರು 20 ಮೈಲಿ ದೂರದ ನಾರ್ಥಾಂಪ್ಟನ್‌ನಲ್ಲಿ ಸ್ಮಿತ್ ಕಾಲೇಜಿನ ಹುಡುಗಿಯರಿಗೆ ವ್ಯಾಯಾಮ ಕಲಿಸುತ್ತಿದ್ದ ಸೆಂಡಾ ಬೆರೆನ್ಸನ್ ಅದನ್ನು ಓದಿ ತಿಳಿದುಕೊಂಡರು. ಲಿಥುವೇನಿಯಾದಲ್ಲಿ ಹುಟ್ಟಿದ ಯಹೂದಿ ಹುಡುಗಿ. ಪಿಯಾನೋ ಕಲಿಯುತ್ತಿದ್ದವರು ಮೈಯಲ್ಲಿ ಶಕ್ತಿ ಇಲ್ಲದೆ ಬಿಟ್ಟು, ಆರೋಗ್ಯಕ್ಕೆಂದು ವ್ಯಾಯಾಮ ಶಾಲೆಗೆ ಸೇರಿದವರು. ಕಾಯಿಲೆಯ ಮಗುವಾಗಿದ್ದ ಆಪಲ್‌ಬೀ, ಶಕ್ತಿಯಿಲ್ಲದ ಬೆರೆನ್ಸನ್. ನಮ್ಮ ಕಸುಬಿಗೆ ಪೈಲ್ವಾನರು ಬರುತ್ತಾರೆ ಅಂತ ಜನ ಅಂದುಕೊಂಡಿರುತ್ತಾರೆ. ನಾನು ಕಂಡ ಒಳ್ಳೆಯ ಪಿ.ಟಿ. ಟೀಚರುಗಳಲ್ಲಿ ಅರ್ಧ ಜನ ಚಿಕ್ಕಂದಿನಲ್ಲಿ ವೀಸಿಂಗ್ ಇದ್ದವರೇ.

ಮಧ್ಯಾಹ್ನ ನಾರ್ಥಾಂಪ್ಟನ್‌ಗೆ ಹೋದೆವು. ಸ್ಮಿತ್ ಕಾಲೇಜಿನ ಹಳೇ ಕೆಂಪಿಟ್ಟಿಗೆ ಜಿಮ್ನೇಸಿಯಂ ಇನ್ನೂ ನಿಂತಿದೆ. 1893ರ ಮಾರ್ಚಿನಲ್ಲಿ ಅಲ್ಲಿ ಮೊದಲ ವರ್ಷದವರಿಗೂ ಎರಡನೇ ವರ್ಷದವರಿಗೂ ಪಂದ್ಯ. ಗಂಡಸರಿಗೆ ಪ್ರವೇಶವಿಲ್ಲ. ಬೆರೆನ್ಸನ್ ಚೆಂಡು ಮೇಲಕ್ಕೆ ಎಸೆದಾಗ ಒಬ್ಬ ಆಟಗಾರ್ತಿಯ ಕೈಗೆ ಅವರ ಕೈ ತಗುಲಿ, ಆ ಹುಡುಗಿಯ ಭುಜವೇ ಜಾರಿತು. ಶುರುವಿನಲ್ಲೇ! ಮೂಳೆ ಕೂರಿಸಿ, ಬೇರೆಯವರನ್ನು ಇಳಿಸಿ ಆಟ ಮುಂದುವರಿಸಿದರು. ಇದನ್ನು ಓದಿದ ದಿನ ನನಗೆ ಅವರ ಮೇಲೆ ಪ್ರೀತಿ ಹುಟ್ಟಿತು. ನನ್ನ ಮೊದಲ ವರ್ಷದ ಮೊದಲ ಪಂದ್ಯದಲ್ಲಿ ಹುಡುಗಿಯೊಬ್ಬಳ ಹಲ್ಲು ಹೋಗಿತ್ತು. ಅವಳ ಅಪ್ಪ ಶಾಲೆಗೆ ಬಂದು ಕೂಗಾಡಿದ್ದು ಈಗಲೂ ಕಿವಿಯಲ್ಲಿದೆ.

ಒರಟಾಟಕ್ಕೆ ಹೆದರಿ ಬೆರೆನ್ಸನ್ ಅಂಕಣವನ್ನು ಮೂರು ಭಾಗ ಮಾಡಿದರು. ಯಾರೂ ತಮ್ಮ ಭಾಗ ಬಿಟ್ಟು ಓಡುವಂತಿಲ್ಲ, ಕೈಯಿಂದ ಚೆಂಡು ಕಿತ್ತುಕೊಳ್ಳುವಂತಿಲ್ಲ, ಮೂರು ಸೆಕೆಂಡಿಗಿಂತ ಜಾಸ್ತಿ ಹಿಡಿಯುವಂತಿಲ್ಲ. ಇದು ಹುಡುಗಿಯರನ್ನು ಕಟ್ಟಿಹಾಕಿತು ಅನ್ನುವವರಿದ್ದಾರೆ. ಮಗಳೂ ಹಾಗೇ ಅಂದಳು. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆಟವೇ ನಿಂತುಹೋಗುವ ಬದಲು ಅರ್ಧ ಓಟದಲ್ಲಾದರೂ ನಡೆಯಲಿ ಅಂತ ನೋಡಿದ ಟೀಚರ್ ಆಕೆ. ಪ್ರಿನ್ಸಿಪಾಲರನ್ನೂ ಅಪ್ಪ-ಅಮ್ಮಂದಿರನ್ನೂ ಒಪ್ಪಿಸಬೇಕಲ್ಲ. ಹಾಲ್ ಆಫ್ ಫೇಮ್‌ಗೆ 1985ರಲ್ಲಿ ಮೊದಲು ಸೇರಿದ ಮೂವರು ಹೆಂಗಸರಲ್ಲಿ ಇವರೂ ಒಬ್ಬರು.

ಅತ್ತ ಅದೇ ಬಾಸ್ಕೆಟ್‌ಬಾಲ್ ಹಡಗು ಹತ್ತಿತ್ತು. ಸ್ವೀಡನ್ನಿನ ಮಾರ್ಟಿನಾ ಬರ್ಗ್‌ಮನ್ ಓಸ್ಟರ್‌ಬರ್ಗ್ ಅನ್ನುವವರು ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ವ್ಯಾಯಾಮ ಶಿಕ್ಷಕಿಯರಿಗಾಗಿಯೇ ಕಾಲೇಜು ನಡೆಸುತ್ತಿದ್ದರು. 1893ರಲ್ಲಿ ಅಮೆರಿಕದಿಂದ ಬಂದ ಅತಿಥಿಯೊಬ್ಬರು ಆ ಹುಡುಗಿಯರಿಗೆ ಬುಟ್ಟಿ-ಚೆಂಡಿನ ಆಟ ತೋರಿಸಿ ಹೋದರು. ಹುಡುಗಿಯರು ಅದನ್ನು ಕಟ್ಟಡದ ಒಳಗೆ ಆಡಿದರು, ಹುಲ್ಲಿನ ಮೇಲೆ ಆಡಿದರು, ತಿದ್ದಿದರು, ಬುಟ್ಟಿ ಬಿಟ್ಟು ಬಳೆ ಹಾಕಿದರು. 1901ರಲ್ಲಿ ನಿಯಮ ಅಚ್ಚಾಯಿತು, ಆಟದ ಹೆಸರು ನೆಟ್‌ಬಾಲ್. ಅಲ್ಲಿ ಓದಿದವರು ಎಲ್ಲೆಲ್ಲಿಗೆ ಕೆಲಸಕ್ಕೆ ಹೋದರೋ ಅಲ್ಲೆಲ್ಲ ಅದೂ ಹೋಯಿತು. ಹಿಂದೆ ಬೋರ್ಡಿಲ್ಲ, ಡ್ರಿಬಲ್ ಇಲ್ಲ, ಚೆಂಡು ಹಿಡಿದರೆ ಹೆಜ್ಜೆ ಹಾಕುವಂತಿಲ್ಲ. ನಾನೂ ಎಷ್ಟು ಜಿಲ್ಲಾ ಮಟ್ಟದ ಪಂದ್ಯಗಳಿಗೆ ಸೀಟಿ ಊದಿದ್ದೇನೋ! ಒಂದು ವಿಷಯ ಮಾತ್ರ ಆ ಜಿಮ್ನೇಸಿಯಂ ಮುಂದೆ ನಿಂತಾಗಲೇ ಹೊಳೆದದ್ದು. ಆಪಲ್‌ಬೀ ಹಾಕಿ ತಂದ ವರ್ಷವೇ ಇಂಗ್ಲೆಂಡಿನಲ್ಲಿ ನೆಟ್‌ಬಾಲ್ ನಿಯಮ ಅಚ್ಚಾದದ್ದು. ಇಲ್ಲಿನ ಚೆಂಡು ಅತ್ತ ಹೋಯಿತು, ಅಲ್ಲಿನ ಕೋಲು ಇತ್ತ ಬಂತು.

ಸಂಜೆ ಪ್ಯಾರಡೈಸ್ ಪಾಂಡ್ ಅನ್ನುವ ಕೆರೆಯ ಹತ್ತಿರ ಚಿತ್ರಾನ್ನ ತಿಂದೆವು. ಬಾತುಕೋಳಿಗಳಿಗೆ ಕೋಡುಬಳೆ ಹಾಕಬೇಡ ಅಂತ ಮಗಳು ಬೈದಳು.

ನಾಲ್ಕನೇ ದಿನ, ಭಾನುವಾರ

ಸೌತ್ ಹ್ಯಾಡ್ಲಿಯಲ್ಲಿ ಮೌಂಟ್ ಹೋಲಿಯೋಕ್ ಕಾಲೇಜಿನ ಮುಂದೆ ಕಾರು ನಿಲ್ಲಿಸಿ ಕಾಫಿ ಕುಡಿದೆವು, ಅಷ್ಟೇ. ಅಲ್ಲಿಂದ ಎರಡು ಗಂಟೆಗೂ ಹೆಚ್ಚು ದಾರಿ, ಪೊಕಿಪ್ಸಿಗೆ. ಇಂಗ್ಲಿಷಿನಲ್ಲಿ ಈ ಊರಿನ ಹೆಸರು ಬರೆದದ್ದನ್ನು ನೋಡಿದರೆ ಇದೇ ಊರು ಅಂತ ಯಾರೂ ನಂಬುವುದಿಲ್ಲ.

ವ್ಯಾಸರ್ ಕಾಲೇಜು ಬಿಯರ್ ತಯಾರಿಸುವವರೊಬ್ಬರು 1861ರಲ್ಲಿ ಹೆಂಗಸರಿಗಾಗಿ ಕಟ್ಟಿದ್ದು. ಈಗ ಹುಡುಗರೂ ಓದುತ್ತಾರೆ. ಮುಖ್ಯ ಕಟ್ಟಡ ಮೈಸೂರಿನ ಮಹಾರಾಜ ಕಾಲೇಜನ್ನು ಎರಡು ಮೂರು ಸಲ ಪಕ್ಕಪಕ್ಕ ಜೋಡಿಸಿದ ಹಾಗೆ ಉದ್ದಕ್ಕಿದೆ. ಬ್ಯಾಲಂಟೈನ್ ಸಾಮಾನ್ಯರಲ್ಲ. 1895ರ ನವೆಂಬರಿನಲ್ಲಿ ಇಲ್ಲಿನ ಹುಡುಗಿಯರು ಓಟ, ಜಿಗಿತದ ಕ್ರೀಡಾಕೂಟ ಮಾಡಿದ್ದರು. ಹುಡುಗಿಯರು ಹೊರಗೆ ಓಡಿದರೆ ಏನಾಗುತ್ತದೋ ಅಂತ ವೈದ್ಯರೇ ಹೆದರುತ್ತಿದ್ದ ಕಾಲ. ಇನ್ನೊಬ್ಬಳು ಬಂದು ಹೊಸ ಆಟ ತೋರಿಸಿದಾಗ ಗುರುತು ಹಿಡಿದು ಕರೆದುಕೊಂಡು ಬರುವುದಕ್ಕೂ ಕಣ್ಣು ಬೇಕು. ಆಪಲ್‌ಬೀ ಹೆಸರು ಅಷ್ಟಿಷ್ಟು ಕೇಳುತ್ತದೆ. ಬ್ಯಾಲಂಟೈನ್ ಹೆಸರು ಹೇಳುವವರು ಕಡಿಮೆ. ಆದರೆ ಕಾಲೇಜಿನ ಬಾಗಿಲು ತೆಗೆದವರು ಇವರೇ ಅಲ್ವಾ?

ಆ ಇಂಗ್ಲೆಂಡಿನ ಕಥೆಯೂ ಸಲೀಸಾದದ್ದಲ್ಲ. 1895ರಲ್ಲಿ ಅಲ್ಲಿನ ಹೆಂಗಸರು ನಮ್ಮನ್ನೂ ಸೇರಿಸಿಕೊಳ್ಳಿ ಅಂತ ಗಂಡಸರ ಹಾಕಿ ಸಂಘವನ್ನು ಕೇಳಿದರು. ಆಗಲ್ಲ ಅಂದರು. ಸರಿ ಅಂತ ಹೆಂಗಸರು ತಮ್ಮದೇ ಸಂಘ ಕಟ್ಟಿಕೊಂಡರು, ಪದಾಧಿಕಾರಿಗಳೂ ಹೆಂಗಸರೇ ಆಗಿರಬೇಕು ಅಂತ ಇಟ್ಟುಕೊಂಡರು. ಅದಕ್ಕೇ ಆರು ವರ್ಷದ ನಂತರ ಆಪಲ್‌ಬೀ ಇಲ್ಲಿಗೆ ಬಂದಾಗ ಆಟದ ಜೊತೆ ಆ ಅಭ್ಯಾಸವೂ ಬಂತು: ಕಲಿಸುವವರು ನಾವೇ, ಸೀಟಿ ಊದುವವರೂ ನಾವೇ.

ಅಂದು ಮೈದಾನದಲ್ಲಿ ನಾಲ್ಕೈದು ಹುಡುಗಿಯರು ಸುಮ್ನೆ ಅಭ್ಯಾಸ ಮಾಡುತ್ತಿದ್ದರು. ಮೊಮ್ಮಗಳು ನನ್ನ ಮರದ ಸ್ಟಿಕ್ ತಂದಿದ್ದಳು. ಅವರಿಗೆ ಅದನ್ನು ನೋಡಿ ಖುಷಿಯೋ ಖುಷಿ. ಒಬ್ಬಳು ಹಿಡಿದು ಹೊಡೆದಳು, ಮರದ 'ಟಕ್' ಸದ್ದು ಕೇಳಿ ಎಲ್ಲರೂ ಕೈ ತಟ್ಟಿದರು. ನಾನು ಅವರಿಗೆ ಬುಲ್ಲಿ ತೋರಿಸಿದೆ. ನಮ್ಮ ಕಾಲದಲ್ಲಿ ಆಟ ಶುರುವಾಗುತ್ತಿದ್ದದ್ದೇ ಹಾಗೆ. ಇಬ್ಬರು ಎದುರುಬದುರು ನಿಂತು, ನೆಲ ಮುಟ್ಟಿಸಿ, ಸ್ಟಿಕ್ಕಿಗೆ ಸ್ಟಿಕ್ ತಾಗಿಸಿ, ನೆಲ, ಸ್ಟಿಕ್, ನೆಲ, ಸ್ಟಿಕ್, ಮೂರನೇ ತಟ್ಟಿಗೆ ಚೆಂಡಿಗೆ ಮುಗಿಬೀಳುವುದು. 1981ರಲ್ಲಿ ಆಟ ಶುರು ಮಾಡಲು ಅದನ್ನು ಬಿಟ್ಟರು. ಎದುರು ನಿಂತ ಹುಡುಗಿಗೆ ಹತ್ತೊಂಬತ್ತಿರಬೇಕು. ಮೊದಲ ಸಲ ನಾನೇ ಚೆಂಡು ಕಸಿದೆ. ಎರಡನೇ ಸಲ ಅವಳು. ಮೂರನೇ ಸಲಕ್ಕೆ ಮಂಡಿ ಹಿಡಿದುಕೊಂಡಿತು, ಬೆಂಚಿಗೆ ಬಂದೆ.

ಸಂಜೆ ಹಡ್ಸನ್ ನದಿಯ ಮೇಲಿನ ಹಳೇ ರೈಲು ಸೇತುವೆಯ ಮೇಲೆ ನಡೆದೆವು. 1889ರ ಸೇತುವೆ, ಈಗ ರೈಲಿಲ್ಲ, 2009ರಿಂದ ಜನ ನಡೆಯಲು ಬಿಟ್ಟಿದ್ದಾರೆ. ಆಪಲ್‌ಬೀ ಇಲ್ಲಿಗೆ ಬಂದಾಗ ಇದರ ಮೇಲೆ ರೈಲು ಓಡುತ್ತಿತ್ತು. ಕುಂಟುತ್ತಾ ಅರ್ಧದವರೆಗೆ ಹೋಗಿ ವಾಪಸಾದೆ.

ಐದನೇ ದಿನ, ಸೋಮವಾರ

ಅವರೆಲ್ಲ ಮನೆಗೆ, ನಾನು ಒಬ್ಬಳೇ ದಕ್ಷಿಣಕ್ಕೆ. ಸ್ಟಿಕ್ ಮೊಮ್ಮಗಳ ಜೊತೆ ಹೋಯಿತು. ರೈಲು ಹಡ್ಸನ್ ನದಿಯ ಅಂಚಿನಲ್ಲೇ ನ್ಯೂಯಾರ್ಕಿನವರೆಗೆ ಬರುತ್ತದೆ. ಬಲಗಡೆಯ ಕಿಟಕಿ ಹಿಡಿಯಿರಿ, ನದಿ ಆ ಕಡೆಗೇ. ನ್ಯೂಯಾರ್ಕಿನಲ್ಲಿ ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಟ್ಯಾಕ್ಸಿ, ಫಿಲಡೆಲ್ಫಿಯಾಗೆ ಬೇರೆ ರೈಲು. ಅಲ್ಲಿ ನನ್ನ ತಮ್ಮ ಕಾಯುತ್ತಿದ್ದ. "ಅಕ್ಕ, ಇಷ್ಟು ದೂರ ಬಂದು ಲಿಬರ್ಟಿ ಬೆಲ್ ನೋಡದೆ ಹುಲ್ಲು ನೋಡ್ತೀಯಲ್ಲ" ಅಂದ. ಗಂಟೆ ಸೀಳಿದೆಯಂತಲ್ಲ, ಫೋಟೋದಲ್ಲಿ ನೋಡಿದ್ದೇನೆ ಅಂದೆ.

ಬ್ರಿನ್ ಮಾರ್ ಅಲ್ಲಿಂದ ಲೋಕಲ್ ರೈಲಿನಲ್ಲಿ ಸ್ವಲ್ಪವೇ ದೂರ. ವೇಲ್ಸ್ ಭಾಷೆಯಲ್ಲಿ 'ದೊಡ್ಡ ಗುಡ್ಡ' ಅಂತ ಅರ್ಥ. ನಾವಾಗಿದ್ದರೆ ದೊಡ್ಡಬೆಟ್ಟ ಅಂತ ಬೋರ್ಡ್ ಹಾಕುತ್ತಿದ್ದೆವು. ಬೂದು ಕಲ್ಲಿನ ಕಟ್ಟಡಗಳು, ಇಳಿಜಾರಿನ ಹುಲ್ಲು. 1904ರಲ್ಲಿ ಆಪಲ್‌ಬೀ ಇಲ್ಲಿ ಹೊರಾಂಗಣ ಆಟಗಳ ಮುಖ್ಯಸ್ಥೆಯಾಗಿ ಸೇರಿದರು. ಆಗಿನ ಅಧ್ಯಕ್ಷೆ ಕೇರಿ ಥಾಮಸ್ ಹೆಂಗಸರಿಗೆ ಓದು ಮತ್ತು ಮತದ ಹಕ್ಕಿಗಾಗಿ ಹೋರಾಡಿದ ಗಟ್ಟಿಗಿತ್ತಿ. ಅವರಿಗೆ ಆಪಲ್‌ಬೀ ಹೇಳಿದ ಮಾತೊಂದನ್ನು ಇಲ್ಲಿ ಇನ್ನೂ ನೆನೆಯುತ್ತಾರೆ: ಹುಡುಗಿಯರಿಗೆ ವೋಟು ಕೊಡಿಸುತ್ತೀರಿ ಸರಿ, ಅದನ್ನು ಹಾಕಲಾರದಷ್ಟು ಕಾಯಿಲೆ ಬಿದ್ದಿದ್ದರೆ ಏನು ಪ್ರಯೋಜನ? ಬಜೆಟ್ ಕೇಳುವುದು ಹೇಗೆ ಅಂತ ಇವರ ಹತ್ತಿರ ಕಲಿಯಬೇಕಿತ್ತು. ನಾನು ಹೆಡ್‌ಮಾಸ್ಟರ ಮುಂದೆ ನಿಂತು "ಸಾರ್, ಒಂದು ಚೀಲ ಸುಣ್ಣ" ಅಂತ ಕೇಳುವುದರಲ್ಲೇ ಇಪ್ಪತ್ತೇಳು ವರ್ಷ ಕಳೆದೆ.

ಹುಡುಗಿಯರು ಅವರನ್ನು 'ದಿ ಆಪಲ್' ಅನ್ನುತ್ತಿದ್ದರು. 1920ರ ದಶಕದ ಮೊದಲಲ್ಲಿ ಪೆನ್ಸಿಲ್ವೇನಿಯಾದ ಪೊಕೊನೊ ಬೆಟ್ಟಗಳಲ್ಲಿ ಹಾಕಿ ಶಿಬಿರ ಶುರು ಮಾಡಿದರು. ಪ್ರತಿ ವರ್ಷ ಶಾಲಾ ಟೀಚರುಗಳು, ಆಟಗಾರ್ತಿಯರು ಬಂದು ಕಲಿತು ಹೋಗುವುದು, ಇಂಗ್ಲೆಂಡಿನಿಂದಲೂ ಕೋಚುಗಳನ್ನು ಕರೆಸುವುದು. 1924ರಲ್ಲಿ 'ದಿ ಸ್ಪೋರ್ಟ್ಸ್‌ವುಮನ್' ಅಂತ ಪತ್ರಿಕೆಯನ್ನೂ ತಂದರು. ಕಾಲೇಜಿನ ಕೆಲಸ ಬಿಟ್ಟ ಮೇಲೂ ಶಿಬಿರ ಬಿಡಲಿಲ್ಲ. 1967ರವರೆಗೆ ಕಲಿಸಿದರು. ಲೆಕ್ಕ ಹಾಕಿ, 94 ವರ್ಷ! ನಾನು 58ಕ್ಕೆ ರಿಟೈರ್ ಆದಾಗ ಸದ್ಯ ಮುಗೀತಪ್ಪ ಅಂದುಕೊಂಡಿದ್ದೆ.

ಕೊನೆಗೆ ಇಂಗ್ಲೆಂಡಿಗೆ ಮರಳಿ, 1981ರ ಜನವರಿಯಲ್ಲಿ, 107ನೇ ವಯಸ್ಸಿನಲ್ಲಿ ತೀರಿಕೊಂಡರು. ಅದಕ್ಕೆ ಆರು ತಿಂಗಳ ಹಿಂದೆಯಷ್ಟೇ, ಮಾಸ್ಕೋದಲ್ಲಿ, ಹೆಂಗಸರ ಹಾಕಿ ಮೊದಲ ಸಲ ಒಲಿಂಪಿಕ್ಸ್‌ಗೆ ಬಂದಿತ್ತು. ಆ ಸಲದ್ದು ನನಗೆ ಚೆನ್ನಾಗಿ ನೆನಪಿದೆ. ಮೈಸೂರಿನ ಹಾಸ್ಟೆಲ್ಲಿನಲ್ಲಿ ವಾರ್ಡನ್ ಮೇಡಂ ರೇಡಿಯೋ ಸುತ್ತ ಕೂತಿದ್ದೆವು. ಬಹಿಷ್ಕಾರದಿಂದ ಎಷ್ಟೋ ದೇಶಗಳು ಬಂದಿರಲಿಲ್ಲ. ಕೊನೇ ಗಳಿಗೆಯಲ್ಲಿ ಕರೆಸಿದ ಜಿಂಬಾಬ್ವೆಗೆ ಚಿನ್ನ, ನಮ್ಮವರು ನಾಲ್ಕನೆಯವರು. ಆಪಲ್‌ಬೀ ಕಲಿಸಿದ ಅಮೆರಿಕ ಅರ್ಹತೆ ಪಡೆದೂ ಮನೆಯಲ್ಲೇ ಉಳಿಯಿತು. ಅವರು ನಾಲ್ಕು ವರ್ಷ ಕಾದು 1984ರಲ್ಲಿ ಕಂಚು ಗೆದ್ದರು. ನೋಡಲು ಮೇಡಂ ಇರಲಿಲ್ಲ.

ಮೈದಾನದ ಅಂಚಿನಲ್ಲಿ ಬೂಟು ಬಿಚ್ಚಿ ಸ್ವಲ್ಪ ಹೊತ್ತು ಹುಲ್ಲಿನ ಮೇಲೆ ನಡೆದೆ. ಕಾಲಿಗೆ ಗುಂಡಿ ತಗುಲುತ್ತದಾ ಅಂತ ನೋಡುವುದು ನಮ್ಮ ಹಳೇ ಚಟ. ಒಂದೂ ಇರಲಿಲ್ಲ.

ಆರನೇ ದಿನ, ಮಂಗಳವಾರ

ತಮ್ಮನಿಗೆ ಒಂದೇ ದಿನ ರಜೆ. ಇತ್ತ ಕಾಲೇಜ್‌ವಿಲ್‌ನ ಅರ್ಸೈನಸ್ ಕಾಲೇಜಿನಲ್ಲಿ ಹಾಕಿಯ ಹಾಲ್ ಆಫ್ ಫೇಮ್, ಅತ್ತ ಬಾಲ್ಟಿಮೋರ್ ಹತ್ತಿರದ ಸ್ಪಾರ್ಕ್ಸ್‌ನಲ್ಲಿ ಲ್ಯಾಕ್ರಾಸ್‌ನ ಮ್ಯೂಸಿಯಂ. ನಾನು ಆಡದ ಆಟವನ್ನೇ ಆರಿಸಿದೆ. ಕೋಲಿನ ತುದಿಗೆ ಬಲೆ, ಬಲೆಯಲ್ಲಿ ಚೆಂಡು. ತಮ್ಮ ಅದನ್ನು "ಚಿಟ್ಟೆ ಹಿಡಿಯುವ ಆಟ" ಅನ್ನುತ್ತಾನೆ.

ಇದು ಈ ನೆಲದ ಮೂಲನಿವಾಸಿಗಳ ಆಟ. ಹೋಡೆನೊಶೋನಿ ಜನರಿಗೆ ಅದು ಪೂಜೆಯೂ ಹೌದು, ಮದ್ದೂ ಹೌದು. ಅವರಿಂದ ಮಾಂಟ್ರಿಯಲ್‌ನ ಬಿಳಿಯರು ಕಲಿತರು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಸೇಂಟ್ ಲೆನರ್ಡ್ಸ್ ಹೆಣ್ಣುಮಕ್ಕಳ ಶಾಲೆಯ ಮೊದಲ ಮುಖ್ಯೋಪಾಧ್ಯಾಯಿನಿ ಲೂಯಿಸಾ ಲಮ್ಸ್‌ಡನ್ 1884ರಲ್ಲಿ ಈ ಕಡೆ ಪ್ರವಾಸ ಬಂದಾಗ ಪಂದ್ಯ ನೋಡಿ, ನಮ್ಮ ಹುಡುಗಿಯರಿಗೆ ಯಾಕಾಗಬಾರದು ಅಂದುಕೊಂಡರು. ಅವರ ನಂತರದ ಮುಖ್ಯೋಪಾಧ್ಯಾಯಿನಿ ಫ್ರಾನ್ಸಸ್ ಡವ್ ಕಾಲದಲ್ಲಿ, 1890ರ ಮಾರ್ಚಿನಲ್ಲಿ, ಆ ಶಾಲೆಯಲ್ಲಿ ಹುಡುಗಿಯರ ಮೊದಲ ಪಂದ್ಯ ನಡೆಯಿತು. ಅದೇ ಶಾಲೆಯಲ್ಲಿ ಓದಿದ ರೋಸಬೆಲ್ ಸಿಂಕ್ಲೇರ್ ಬಾಲ್ಟಿಮೋರ್‌ನ ಬ್ರಿನ್ ಮಾರ್ ಸ್ಕೂಲಿಗೆ ಕೆಲಸಕ್ಕೆ ಬಂದು, 1926ರಲ್ಲಿ ಹುಡುಗಿಯರ ಟೀಮು ಕಟ್ಟಿದರು. ಈ ಶಾಲೆಯನ್ನು ಕಟ್ಟಿದವರಲ್ಲಿ ಅದೇ ಕೇರಿ ಥಾಮಸ್ ಇದ್ದಾರೆ, ಅದಕ್ಕೇ ಅದೇ ಹೆಸರು.

ಅಂದರೆ ಈ ಖಂಡದ ಆಟ, ಒಬ್ಬ ಟೀಚರ ಕಣ್ಣಿಗೆ ಬಿದ್ದು ಸ್ಕಾಟ್ಲೆಂಡಿಗೆ ಹೋಗಿ, ನಲವತ್ತು ವರ್ಷ ಅಲ್ಲಿದ್ದು, ಇನ್ನೊಬ್ಬ ಟೀಚರ ಜೊತೆ ತವರಿಗೆ ಬಂತು. ಆದರೆ ಬಂದದ್ದು ತವರಿನವರ ಮನೆಗಲ್ಲ. ಹೋಡೆನೊಶೋನಿ ಸಂಪ್ರದಾಯದಲ್ಲಿ ಗಂಡಸರ ಮರದ ಕೋಲನ್ನು ಹೆಂಗಸರು ಮುಟ್ಟುವ ಹಾಗಿಲ್ಲ. ಅಲ್ಲಿನ ಹುಡುಗಿಯರ ಟೀಮು ಬಹಳ ತಡವಾಗಿ, ಮನೆಯವರ ಜೊತೆಯೇ ಜಗಳವಾಡಿ ಬಂತು. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಲ್ಯಾಕ್ರಾಸ್ ವಾಪಸ್ ಸೇರಿದೆ. ತಮ್ಮ ಬಾವುಟದ ಕೆಳಗೇ ಆಡಲು ಬಿಡಿ ಅಂತ ಆ ಜನ ಕೇಳುತ್ತಿದ್ದಾರೆ. ಈ ತುದಿಯನ್ನು ಬಿಟ್ಟು ಬರೀ ಸಿಂಕ್ಲೇರ್ ಅವರನ್ನು ಹೊಗಳಲು ನನಗೆ ಮನಸ್ಸಾಗಲಿಲ್ಲ. 1992ರಲ್ಲಿ ಈ ಆಟದ ಹಾಲ್ ಆಫ್ ಫೇಮ್ ಸೇರಿದ ಮೊದಲ ಹೆಂಗಸು ಅವರು.

ರಾತ್ರಿ ತಮ್ಮನ ಹೆಂಡತಿ ಅಕ್ಕಿರೊಟ್ಟಿ ತಟ್ಟುತ್ತಿದ್ದಾಗ ಮೊಮ್ಮಗಳ ವಿಡಿಯೋ ಕಾಲ್ ಬಂತು. ಪ್ರಾಕ್ಟೀಸಿಗೆ ಮರದ ಸ್ಟಿಕ್ ತೆಗೆದುಕೊಂಡು ಹೋಗಿದ್ದಳಂತೆ.

"ಅಜ್ಜಿ, ಕೋಚ್ ಕೇಳಿದ್ರು, ಇದನ್ನ ಯಾರು ಹೇಳ್ಕೊಟ್ಟಿದ್ದು ಅಂತ."

"ಏನು, ಹಿಡಿತಾನಾ?"

"ಹ್ಞೂಂ. ಬೆನ್ನು ನೆಟ್ಟಗೆ ಇಟ್ಕೊಂಡ್ರೆ ಟರ್ಫಲ್ಲಿ ಆಗಲ್ವಂತೆ. ಮಂಡಿ ಬಗ್ಗಿಸಿ ನೆಲಕ್ಕೇ ಹೋಗ್ಬೇಕಂತೆ. ಉಲ್ಟಾನೂ ಹೊಡೀಬಹುದು ಅಜ್ಜಿ, ಅಂಚಿಂದ. ಈಗ ಅದು ಫೌಲ್ ಅಲ್ಲ."

"ಅಂಚಿಂದಾನಾ? ಹೇಗೆ?"

ಅವಳು ಫೋನನ್ನು ಸೋಫಾಗೆ ಒರಗಿಸಿ ದೂರ ಹೋಗಿ ನಿಂತಳು. ನಾನು ತಮ್ಮನ ಮನೆಯ ಅಡುಗೆಮನೆಯಿಂದ ಪೊರಕೆ ತಂದೆ.

"ಇನ್ನೂ ಕೆಳಗೆ ಅಜ್ಜಿ," ಅಂದಳು. "ಎಡಗೈ ತಿರುಗಿಸು."